ಬೇಟೆಗೆ ಹೊರಡುವ ಮೊದಲು ಬ್ಯಾಗಿನಲ್ಲಿರೋ ಗ್ಯಾಜೆಟ್ ನೋಡಿಕೊಳ್ಳಿ

ನವೆಂಬರ್ ಬಂತೆಂದರೆ ಟೆಕ್ಸಸ್‌ನ ಆಫೀಸುಗಳಲ್ಲಿ ಜಿಂಕೆ ಬೇಟೆಯದೇ ಮಾತು. ಹೊಸದಾಗಿ ಬಂದ ನಮ್ಮವರನ್ನೂ ಸಹೋದ್ಯೋಗಿಗಳು ರ‍್ಯಾಂಚ್‌ಗೆ ಕರೆಯುತ್ತಾರೆ. ನಮ್ಮ ಕಡೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅಜ್ಜಂದಿರ ಕಥೆಯಾಗಿಬಿಟ್ಟಿದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಈಗಲೂ ಇದೆ, ಶಿಕಾರಿ ಮಾತ್ರ ಇಲ್ಲ. ಹಾಗಾಗಿ ಇಲ್ಲಿ ಲೈಸೆನ್ಸ್ ಸಿಕ್ಕಿತು ಅಂದರೆ ಎಲ್ಲಕ್ಕೂ ಒಪ್ಪಿಗೆ ಸಿಕ್ಕ ಹಾಗೆ ಅಂದುಕೊಳ್ಳುವವರೇ ಜಾಸ್ತಿ. ಮೇಲಾಗಿ ನಾವು ಐಟಿ ಜನ, ಎಲೆಕ್ಟ್ರಾನಿಕ್ಸ್ ಕಂಡರೆ ಕೈ ಸುಮ್ನೆ ಇರಲ್ಲ. ಆದರೆ ಬೇಟೆಯಲ್ಲಿ ಯಾವ ಗ್ಯಾಜೆಟ್ ಬಳಸಬಹುದು ಅನ್ನುವುದಕ್ಕೆ ಬೇರೆಯೇ ನಿಯಮಗಳಿವೆ.

"ಥರ್ಮಲ್ ಸ್ಕೋಪ್ (ಮೈಶಾಖದಿಂದ ಕತ್ತಲಲ್ಲೂ ಪ್ರಾಣಿಯನ್ನು ತೋರಿಸುವ ಬಂದೂಕಿನ ದುರ್ಬೀನು) ಬಳಸಬಹುದಾ?" ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಪ್ರಾಣಿಗೆ, ಯಾವ ಹೊತ್ತಿನಲ್ಲಿ, ಯಾರ ಜಮೀನಿನಲ್ಲಿ ಅಂತ ಸೇರಿಸಿ ಕೇಳಬೇಕು. ಟೆಕ್ಸಸ್‌ನ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿದ್ದರೆ, ಕಾಡುಹಂದಿಯನ್ನು ರಾತ್ರಿ ಥರ್ಮಲ್ ಸ್ಕೋಪ್ ಹಾಕಿಕೊಂಡೇ ಹೊಡೆಯಬಹುದು. ಹಂದಿಗಳು ಬೆಳೆ ಹಾಳು ಮಾಡುತ್ತವೆ, ಅವಕ್ಕೆ ರಿಯಾಯಿತಿ ಇಲ್ಲ. ಅದೇ ರಾತ್ರಿ, ಅದೇ ಜಮೀನು, ಅದೇ ಸ್ಕೋಪ್. ಆದರೆ ಎದುರಿಗೆ ಬಂದದ್ದು ಜಿಂಕೆಯಾದರೆ ಗುಂಡು ಹಾರಿಸುವುದು ಅಪರಾಧ. ಜಿಂಕೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಅವಕಾಶ.

ರಾಜ್ಯದ ಗಡಿ ದಾಟಿದರೆ ಲೆಕ್ಕವೇ ಬೇರೆ. ಪ್ರಾಣಿ ಹಾದುಹೋದಾಗ ತಾನಾಗೇ ಚಿತ್ರ ತೆಗೆಯುವ, ಮರಕ್ಕೆ ಕಟ್ಟುವ ಟ್ರೇಲ್ ಕ್ಯಾಮೆರಾ ಟೆಕ್ಸಸ್‌ನ ರ‍್ಯಾಂಚ್‌ಗಳಲ್ಲಿ ಬೇಲಿ ಕಂಬದಷ್ಟೇ ಮಾಮೂಲು. ಅರಿಜೋನಾದಲ್ಲಿ 2022ರ ಜನವರಿ 1ರಿಂದ ಬೇಟೆಗೆ ಅದನ್ನು ಬಳಸುವುದೇ ನಿಷೇಧ, ಅದರ ಚಿತ್ರ ನೋಡಿಕೊಂಡು ಪ್ರಾಣಿ ಹುಡುಕುವುದು ಕೂಡ. ಯೂಟಾದಲ್ಲಿ ಸರ್ಕಾರಿ ಜಮೀನಿನ ಮೇಲೆ ಜುಲೈ 31ರಿಂದ ಡಿಸೆಂಬರ್ 31ರವರೆಗೆ ನಿರ್ಬಂಧ. ಒಣ ಸೀಮೆಯಲ್ಲಿ ಪ್ರಾಣಿಗಳು ಬಂದೇ ಬರುವುದು ನೀರಿನ ಹೊಂಡಕ್ಕೆ. ಪ್ರತಿ ಹೊಂಡಕ್ಕೂ ಕ್ಯಾಮೆರಾ ಕಟ್ಟಿದರೆ ಅವು ತಪ್ಪಿಸಿಕೊಳ್ಳುವುದಾದರೂ ಹೇಗೆ? ಈ ನಿಯಮ ನನಗಂತೂ ನ್ಯಾಯವೆನಿಸುತ್ತದೆ. ಪ್ರಾಣಿಗೂ ಪಾರಾಗುವ ಅವಕಾಶ ಇರಬೇಕು ಅನ್ನುವುದು ಇಲ್ಲಿನ ಬೇಟೆಗಾರರದೇ ಹಳೆಯ ನಂಬಿಕೆ. ಇಂಥ ನಿಯಮಗಳು ಹೆಚ್ಚಾಗಿ ಹುಟ್ಟಿದ್ದೂ ಅದರಿಂದಲೇ.

ಅಲಾಸ್ಕಾಗೆ ಹೋಗುವವರು ಫೋನಿನ ಬಗ್ಗೆಯೂ ಎಚ್ಚರವಾಗಿರಿ. "ಮೂಸ್ (ದೊಡ್ಡ ಜಾತಿಯ ಜಿಂಕೆ) ಆ ಗುಡ್ಡದ ಹಿಂದಿದೆ" ಅಂತ ವಾಟ್ಸ್‌ಆ್ಯಪ್ ಗ್ರೂಪಿಗೆ ಲೊಕೇಶನ್ ಹಾಕಿ, ಗೆಳೆಯ ಅದನ್ನು ನೋಡಿಕೊಂಡು ಬೇಟೆಗೆ ಬಂದರೆ ತಪ್ಪು. ಅಲ್ಲಿ ಬೇಟೆಗಾಗಿ ಸೆಲ್‌ಫೋನ್, ಸ್ಯಾಟಲೈಟ್ ಫೋನ್, ರೇಡಿಯೋ ಬಳಸುವಂತಿಲ್ಲ. ಅಪಾಯದಲ್ಲಿ ಸಹಾಯ ಕೇಳುವುದಕ್ಕೆ ಅಡ್ಡಿಯಿಲ್ಲ, ಅದಕ್ಕಾಗಿ ಫೋನ್ ಜೊತೆಗಿರಲಿ.

ಹಕ್ಕಿಗಳಿಗೆ ರಾಜ್ಯದ ನಿಯಮದ ಮೇಲೆ ಕೇಂದ್ರ ಸರ್ಕಾರದ ನಿಯಮವೂ ಇದೆ. ಬಾತುಕೋಳಿ, ಪಾರಿವಾಳದ ಜಾತಿಯ ಡವ್‌ನಂಥ ವಲಸೆ ಹಕ್ಕಿಗಳನ್ನು ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವಂತಿಲ್ಲ. ಫೋನಿನಲ್ಲಿ ಯೂಟ್ಯೂಬ್ ಹಚ್ಚಿದರೂ ಅಷ್ಟೇ. ಬಾಯಲ್ಲಿ ಊದುವ ಪೀಪಿ ಆಗಬಹುದು. ವಿಪರೀತ ಹೆಚ್ಚಿರುವ ಸ್ನೋ ಗೂಸ್‌ಗಳಿಗೆ ಮಾತ್ರ ಕೆಲವು ವಿಶೇಷ ಸೀಸನ್‌ಗಳಲ್ಲಿ ವಿನಾಯಿತಿ ಕೊಡುತ್ತಾರೆ.

ಡ್ರೋನ್ ಮನೆಯಲ್ಲೇ ಬಿಡಿ. ವಿಮಾನದಿಂದ ಪ್ರಾಣಿಗಳನ್ನು ಬೆದರಿಸಿ ಓಡಿಸುವುದನ್ನು ತಡೆಯಲು 1971ರಲ್ಲೇ ಕಾನೂನು ಬಂದಿದೆ, ಡ್ರೋನೂ ಅದರಡಿ ಬರುತ್ತದೆ.

ನಿಯಮ ಓದುವಾಗ ಪದಗಳ ವಿವರಣೆಯ ಪುಟವನ್ನು ಹಾರಿಸಬೇಡಿ. "ಟೇಕ್" ಅಂದರೆ ಕೊಲ್ಲುವುದಷ್ಟೇ ಅಲ್ಲ, ಬೆನ್ನಟ್ಟುವುದೂ ಅದರಲ್ಲಿ ಸೇರುತ್ತದೆ. "ನಾನು ಹೊಡೆಯಲೇ ಇಲ್ಲ, ಸುಮ್ನೆ ಹಿಂದೆ ಹೋಗಿದ್ದೆ" ಅಂದರೆ ನಡೆಯಲ್ಲ. ಈ ವರ್ಷದ ನಿಯಮಗಳ ಪುಸ್ತಕವನ್ನೇ ಓದಿ. ಟೆಕ್ಸಸ್‌ನಲ್ಲಿ ಸಾಮಾನ್ಯ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ನಿಯಮಗಳೂ ಆಗ ಬದಲಾಗಬಹುದು. ಅನುಮಾನವಿದ್ದರೆ ಬೇಟೆಯ ಕಾನೂನು ನೋಡಿಕೊಳ್ಳುವ ಅಧಿಕಾರಿ, ಅಂದರೆ ಆ ಜಿಲ್ಲೆಯ ಗೇಮ್ ವಾರ್ಡನ್‌ಗೆ ಮೊದಲೇ ಫೋನ್ ಮಾಡಿ. ಅಂಗಡಿಯವನು "ಎಲ್ಲರೂ ಬಳಸ್ತಾರೆ" ಅಂದದ್ದನ್ನು ನಂಬಿ ದುಬಾರಿ ಸ್ಕೋಪ್ ಕೊಳ್ಳಬೇಡಿ.

ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಇನ್ನೊಂದು ಮಾತು. ಬೇಟೆಯ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲೀ ಗುಂಡನ್ನಾಗಲೀ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ, ಇರುವ ವಿನಾಯಿತಿಗಳು ಬೆರಳೆಣಿಕೆಯಷ್ಟೇ. ಗೆಳೆಯ "ಸ್ವಲ್ಪ ಹಿಡ್ಕೋ" ಅಂತ ಬಂದೂಕು ಕೊಡುವ ಮೊದಲೇ ನಿಮ್ಮ ಹೆಸರಿನ ಲೈಸೆನ್ಸ್ ನಿಮ್ಮ ಜೇಬಿನಲ್ಲಿರಲಿ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಟೆಕ್ಸಸ್‌ನಲ್ಲಿ ಹಂಟರ್ ಎಜುಕೇಶನ್ ಕೋರ್ಸೂ ಬೇಕು. ಆನ್‌ಲೈನ್‌ನಲ್ಲೇ ಮುಗಿಸಬಹುದು.