ಹೊಳೆಗಿಂತ ಮೊದಲು ದಿಬ್ಬ

ಹಾವೇರಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ತರಗತಿಯ ಗೋಡೆಗೆ ವರದಾ ನದಿಯ ನಕ್ಷೆ ಬರೆಯಲು ಹೊರಟವನು ಮೊದಲ ಸಲ ಚೆನ್ನಾಗಿಯೇ ಎಡವಿದೆ. ಸಾಗರ ತಾಲ್ಲೂಕಿನ ವರದಾಮೂಲದಿಂದ, ಅದು ತುಂಗಭದ್ರೆಗೆ ಸೇರುವ ಗಳಗನಾಥದವರೆಗೆ ನೀಲಿ ಗೆರೆ ಎಳೆದು, ಉಪನದಿಗಳನ್ನು ನೆನಪಿನ ಮೇಲೆ ಸೇರಿಸಿದೆ. ಹಾನಗಲ್ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸರ್ರ, ಧರ್ಮಾ ಹೊಳಿ ವರದಾಕ್ಕ ಕೂಡತೈತಿ, ನೀವು ಸೀದಾ ತುಂಗಭದ್ರಾಕ್ಕ ಯಾಕ ಬಿಟ್ಟೀರಿ?"

ಅಳಿಸಿದೆ. ಈ ಸಲ ಹೊಳೆ ಮುಟ್ಟಲಿಲ್ಲ, ಮೊದಲು ದಿಬ್ಬ ಹುಡುಕಿದೆ; ಯಾವ ನೀರು ಯಾವ ಹೊಳೆಗೆ ಎಂದು ಹೇಳುವುದು ಅದೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳನ್ನು ಜೋಡಿಸಿ, ಮೇಲೆ ಟ್ರೇಸಿಂಗ್ ಕಾಗದ ಹಾಸಿದೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ ಹಳ್ಳ ದಾಟುವಲ್ಲಿ ಮೊನೆಯಾಗುತ್ತದೆ. ಆ ಮೊನೆ ಯಾವಾಗಲೂ ನೀರು ಬರುವ ದಿಕ್ಕಿಗೆ. ಏಣಿನಲ್ಲಿ, ಅಂದರೆ ದಿಬ್ಬದ ಉದ್ದನೆಯ ನೆತ್ತಿಯಲ್ಲಿ, ಮೊನೆ ಇಳಿಜಾರಿನ ಕಡೆಗೆ. ಗಳಗನಾಥದ ಸಂಗಮದಿಂದ ಹೊರಟು, ಏಣಿನಿಂದ ಏಣಿಗೆ ಪೆನ್ಸಿಲ್ ಸಾಗಿಸುತ್ತಾ, ಮೂಲವನ್ನು ಬಳಸಿ ಮತ್ತೆ ಸಂಗಮಕ್ಕೇ ಬಂದರೆ ವರದೆಯ ಜಲಾನಯನ, ಅಂದರೆ ಅದಕ್ಕೆ ನೀರು ಹರಿದು ಬರುವ ಇಡೀ ನೆಲದ ಗಡಿ, ಮುಗಿಯಿತು. ಗೆರೆ ಎಲ್ಲಾದರೂ ಹಳ್ಳ ದಾಟಿತೋ, ತಪ್ಪಾಗಿದೆ ಎಂದೇ ಅರ್ಥ. ನನ್ನದು ಮೂರು ಕಡೆ ದಾಟಿತ್ತು.

ಮಲೆನಾಡಿನ ಭಾಗ ಸಲೀಸು, ರೇಖೆಗಳು ಒತ್ತೊತ್ತಾಗಿರುತ್ತವೆ. ಮಕ್ಕಳು ಬೆರಗಾದದ್ದೂ ಅಲ್ಲೇ: ಸಾಗರದ ಸೀಮೆಯ ಒಂದು ದಿಬ್ಬದ ಆಚೆ ಬಿದ್ದ ಮಳೆ ಶರಾವತಿಗೆ ಸೇರಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಕಂಡರೆ, ಈಚೆ ಬಿದ್ದದ್ದು ಬನವಾಸಿಯನ್ನು ಸುತ್ತಿ, ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗಬೇಕು. ಬಯಲಿಗೆ ಇಳಿದ ಮೇಲೆ ನನ್ನ ಪಾಡು ಬೇರೆ. 20 ಮೀಟರ್ ಅಂತರದ ರೇಖೆಗಳು ಎಲ್ಲೋ ಒಂದು ಕಾಣುತ್ತವೆ, ಎರಡರ ನಡುವೆ ಹತ್ತಾರು ಹೊಲ. ಕೊನೆಗೆ ಮಕ್ಕಳ ಕೈಗೆ ಒಂದೇ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದೆ: ಜೋರು ಮಳೆಯಾದಾಗ ನಿಮ್ಮ ಹೊಲದ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಅಜ್ಜಂದಿರು ಕೊಟ್ಟ ಉತ್ತರ ನನ್ನ ಪೆನ್ಸಿಲ್ಲಿಗಿಂತ ನಿಖರವಾಗಿತ್ತು. ಇಬ್ಬರು ಅಜ್ಜಂದಿರು ಮಾತ್ರ ಒಂದೇ ಬದುವಿನ ವಿಷಯಕ್ಕೆ ಜಗಳವಾಡಿದರಂತೆ; ಏಣು ಆ ಬದುವಿನ ಮೇಲೇ ಹಾದಿತ್ತು.

ನೀಲಿ ಬಣ್ಣ ಬಂದದ್ದು ಆಮೇಲೆ. ಸೊರಬದ ಕಡೆಯ ದಂಡಾವತಿಯನ್ನು ನಾನು ಬರೆದೆ. ಧರ್ಮಾ ಹೊಳೆಯನ್ನು ಆ ಹುಡುಗನೇ ಬರೆದ, ತುಸು ದಪ್ಪಗೆ.