ಹೊಲಿಗೆಯ ಸಣ್ಣ ಸಾಮಾನಿಗೊಂದು ಸುರುಳಿ ಚೀಲ

ಬಹಳ ವರ್ಷ ನನ್ನ ಸೂಜಿ, ಬಾಬಿನ್ (ಮಿಷನ್ನಿನ ಕೆಳದಾರ ಸುತ್ತುವ ಪುಟ್ಟ ಉರುಳೆ), ಹುಕ್ಕು, ಗುಂಡಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ರವಿಕೆಗೆ ನಾಲ್ಕು ಹುಕ್ಕು ಹಾಕಬೇಕೆಂದರೂ ಡಬ್ಬಿಯನ್ನು ನೆಲಕ್ಕೆ ಸುರಿದು, ಬಾಬಿನ್ನುಗಳಿಂದ ಬಿಚ್ಚಿಕೊಂಡು ಒಂದಕ್ಕೊಂದು ಸುತ್ತಿಕೊಂಡ ದಾರವನ್ನು ಮೊದಲು ಬಿಡಿಸಬೇಕಾಗುತ್ತಿತ್ತು. ಅದನ್ನು ತಪ್ಪಿಸಲೆಂದು, ಸಾಮಾನನ್ನು ಜೇಬುಗಳಲ್ಲಿಟ್ಟು ಚಾಪೆಯಂತೆ ಸುರುಳಿ ಸುತ್ತಿಡುವ ಚೀಲವೊಂದನ್ನು ಹೊಲಿದೆ; ಆ ಮೊದಲ ಚೀಲ ಕೆಟ್ಟಿತು. ಜೇಬುಗಳಿಗೆ ಸಾಮಾನಿನ ಅಗಲವನ್ನಷ್ಟೇ ಗುರುತಿಸಿ ದಪ್ಪವನ್ನು ಲೆಕ್ಕಕ್ಕೆ ಹಿಡಿಯದ ಕಾರಣ, ರೀಲುಗಳನ್ನು ತುಂಬಿದೊಡನೆ ಹಿಂಬದಿಯ ಬಟ್ಟೆ ಮುದುಡಿ ಸುತ್ತಲು ಬಾರದಂತಾಯಿತು.

ಎರಡನೆಯ ಸಲ ಬಟ್ಟೆಗೆ ಕತ್ತರಿ ಹಾಕುವ ಮೊದಲು ಸಾಮಾನನ್ನೆಲ್ಲ ಹರಡಿ ಒಂದೊಂದನ್ನೂ ಅಳೆದೆ. ಒಂದು ಅಂಗುಲ ದಪ್ಪದ ರೀಲಿಗೆ ಹಿಂಬದಿಯಲ್ಲಿ ಒಂದು ಅಂಗುಲ ಸಾಕು. ಮುಂದಿನ ಬಟ್ಟೆಯಾದರೋ ಒಂದು ಬದಿಯಿಂದ ಏರಿ, ರೀಲನ್ನು ಬಳಸಿ, ಇನ್ನೊಂದು ಬದಿಗೆ ಇಳಿಯಬೇಕಾದ್ದರಿಂದ ಅದಕ್ಕೆ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚೇ ಬೇಕು. ಸಡಿಲಕ್ಕೆಂದು ಇನ್ನಷ್ಟು ಸೇರಿಸಿ, ಆರು ರೀಲುಗಳಿಗೆ ಹಿಂಬದಿಯಲ್ಲಿ 7.5 ಅಂಗುಲ, ಮುಂದಿನ ಪಟ್ಟಿಗೆ 16.5 ಅಂಗುಲ ಇಟ್ಟೆ; ಹೆಚ್ಚಿನ ಬಟ್ಟೆಯನ್ನು ಪ್ರತಿ ಜೇಬಿನ ಬುಡದಲ್ಲಿ ಎದುರುಬದುರಾದ ಎರಡು ನೆರಿಗೆಗಳಾಗಿ ಮಡಿಚಿದೆ. ಇಡೀ ಚೀಲದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಈ ಲೆಕ್ಕದ ಮೇಲೆಯೇ.

ಚೀಲದ ಮೈಯನ್ನು 20 ಅಂಗುಲ ಉದ್ದ, 10 ಅಂಗುಲ ಅಗಲಕ್ಕೆ ಕೌದಿಯಂತೆ ಹೊಲಿದೆ: ಹೊರಗೆ, ರವಿಕೆಯಾಗಿ ಹೊಲಿಯದೆ ಉಳಿದಿದ್ದ ಗುಳೇದಗುಡ್ಡದ ಖಣ, ಒಳಗೆ ಹಳೆಯ ಹತ್ತಿ ಸೀರೆಯ ಮೂರು ಪದರ. ಹಲವು ಒಗೆತ ಕಂಡ ಸೀರೆ ಇನ್ನು ಕುಗ್ಗುವುದಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ; ನಾನೂ ಆ ಕ್ರಮವನ್ನೇ ಹಿಡಿದು ಕೈಯಿಂದ ದಾರವೆಳೆದೆ. ಖಣದ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಅಂಚಿಗೆ ಮೊದಲ ಸುತ್ತು ಬಿದ್ದದ್ದು ಅನುಕೂಲವೇ ಆಯಿತು.

ಸೂಜಿಗಳಿಗೆ ಕುರಿಯುಣ್ಣೆಯ ಕಂಬಳಿಯ ತುಂಡನ್ನು ಅಂಚಿಗೆ ಕಾಜಾ ಹೊಲಿಗೆ ಹಾಕಿ ಕೂರಿಸಿದೆ. ಮಳೆಗಾಲದಲ್ಲಿ ತೇವ ಹಿಡಿದ ಹತ್ತಿಯಲ್ಲಿ ಸೂಜಿ ತುಕ್ಕು ಹಿಡಿಯುತ್ತದೆ. ಉಣ್ಣೆಯಲ್ಲಿ ಸಹಜವಾದ ಜಿಡ್ಡಿರುವುದರಿಂದ ಅದು ನನಗೆ ಹೆಚ್ಚು ನಂಬಿಕೆಯದು. ಮಿಷನ್ ಸೂಜಿಯ ಮೇಲೆ ಅದರ ದಪ್ಪ ಹೇಳುವ ಅಂಕಿ ಓದಲಾಗದಷ್ಟು ಸಣ್ಣದು, ಆದ್ದರಿಂದ ಕಂಬಳಿಯ ಮೇಲೆ 11, 14, 16 ಎಂದು ಬಣ್ಣದ ದಾರದಲ್ಲಿ ಕಸೂತಿ ಮಾಡಿ, ಆಯಾ ಸಾಲಿನಲ್ಲಿ ಆಯಾ ಸೂಜಿ ಚುಚ್ಚುತ್ತೇನೆ. ಬಾಬಿನ್ನುಗಳಿಗೆ ಎಲಾಸ್ಟಿಕ್ ಪಟ್ಟಿಯ ಕುಣಿಕೆಗಳಿವೆ. ದಾರದ ತುದಿಯನ್ನು ಎಲಾಸ್ಟಿಕ್ಕೇ ಅದುಮಿ ಹಿಡಿಯುವುದರಿಂದ ಈಗ ಒಂದೂ ಬಿಚ್ಚಿಕೊಂಡಿಲ್ಲ.

ಹುಕ್ಕು, ಗುಂಡಿ, ಟಿಚ್ ಬಟನ್ನುಗಳು ಹೊರಗಿನಿಂದಲೇ ಕಾಣಬೇಕೆಂದು, ಹೊದಿಕೆಯ ಜೊತೆ ಬಂದಿದ್ದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕತ್ತರಿಸಿ ಜಿಪ್ಪಿನ ಜೇಬು ಮಾಡಿದೆ. ಪ್ಲಾಸ್ಟಿಕ್ಕು ಮಿಷನ್ನಿನ ಪಾದಕ್ಕೆ ಅಂಟಿ ಮುಂದೆ ಸರಿಯದಿದ್ದಾಗ ಮೇಲೊಂದು ತೆಳು ಕಾಗದವಿಟ್ಟು ಹೊಲಿದು ಆಮೇಲೆ ಹರಿದು ತೆಗೆದೆ. ಹೊಲಿಗೆ ಒತ್ತಾಗಿದ್ದರೆ ಪ್ಲಾಸ್ಟಿಕ್ಕು ಅಂಚೆಚೀಟಿಯಂತೆ ರಂಧ್ರಗಳ ಸಾಲಿನಲ್ಲೇ ಹರಿದುಹೋಗುತ್ತದೆ, ಆದ್ದರಿಂದ ಉದ್ದನೆಯ ಹೊಲಿಗೆಯನ್ನೇ ಇಡಬೇಕು. ಗುಂಡುಪಿನ್ನಿನ ತೂತೂ ಮುಚ್ಚುವುದಿಲ್ಲವಾದ್ದರಿಂದ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಹಿಡಿದುಕೊಂಡೆ.

ಸುತ್ತಲಿನ ಅಂಚಿಗೆ ಓರೆಯಾಗಿ ಕತ್ತರಿಸಿದ ಎರಡಂಗುಲದ ಕ್ರಾಸ್ ಪಟ್ಟಿ ಹಾಕಿದೆ. ಪದರಗಳು ಸೇರುವ ಮೂಲೆಗಳಲ್ಲಿ 14ರ ಸೂಜಿ ಮುರಿದದ್ದರಿಂದ 16ಕ್ಕೆ ಬದಲಾಯಿಸಿ, ಅಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಿದೆ. ರೀಲುಗಳ ತುದಿ ದಪ್ಪವಾದ್ದರಿಂದ ಸುರುಳಿ ಅಲ್ಲಿಂದಲೇ ಆರಂಭವಾಗಬೇಕು; ಕಟ್ಟುವ ಲಾಡಿಯನ್ನು ಅದರ ಎದುರಿನ ತುದಿಗೆ ಹೊಲಿದಿದ್ದೇನೆ. ದೊಡ್ಡ ಕತ್ತರಿಗೆ ಮಾತ್ರ ಇದರಲ್ಲಿ ಜಾಗ ಕೊಟ್ಟಿಲ್ಲ, ಏಕೆಂದರೆ ಅದರ ಮೊನೆ ಎಷ್ಟು ಪದರವಿದ್ದರೂ ತೂರಿ ಬರುತ್ತದೆ. ಅದಕ್ಕೆ ಹಳೆಯ ಚರ್ಮದ ಚೀಲದಿಂದ ಬೇರೆಯೇ ಒಂದು ಒರೆ ಕತ್ತರಿಸಿಟ್ಟಿದ್ದೇನೆ.