ಲಾಂಗ್‌ಜಿಯ ಮಳೆಯಲ್ಲಿ ಎರಡು ದಿನ, ಅದೂ ಫೋನ್ ಇಲ್ಲದೆ

ಕಂಪನಿ ಕೆಲಸಕ್ಕೆ ಅಂತ ಆರು ವಾರ ಚೀನಾದ ಗುವಾಂಗ್‌ಝೌನಲ್ಲಿದ್ದೆ. ಮೇ ಕೊನೆಯಲ್ಲಿ ಮೂರು ದಿನ ಬಿಡುವು ಸಿಕ್ಕಿತು. ನಾನು ಸಕಲೇಶಪುರದ ಕಡೆಯವನು, ಗದ್ದೆ ಕೆಸರಲ್ಲೇ ಬೆಳೆದವನು. ಹಾಗಾಗಿ ಗುವಾಂಗ್‌ಶಿ ಪ್ರದೇಶದ ಲಾಂಗ್‌ಜಿ ಗುಡ್ಡಗಳಲ್ಲಿ ಬುಡದಿಂದ ನೆತ್ತಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ನಿಂತ ಗದ್ದೆಗಳ ಫೋಟೋ ನೋಡಿದ ದಿನದಿಂದ ಅಲ್ಲಿಗೆ ಹೋಗಲೇಬೇಕು ಅಂತಿತ್ತು. ನಾಟಿಗೆ ಮೊದಲು, ಅಂದರೆ ಮೇ-ಜೂನ್‌ನಲ್ಲಿ, ನೀರು ಕಟ್ಟಿದಾಗ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಕಡೆ ಜೋರು ಮಳೆ ಹುಯ್ಯುವುದೂ ಅದೇ ಹೊತ್ತಿಗೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಜೊತೆಗೆ ದಾವಣಗೆರೆಯ ಸಹೋದ್ಯೋಗಿ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು, ಬ್ಯಾಗಲ್ಲಿ ಬಟ್ಟೆಗಿಂತ ಚಟ್ನಿಪುಡಿ ಜಾಸ್ತಿ. ಗುವಾಂಗ್‌ಝೌನಿಂದ ಗ್ವಿಲಿನ್‌ಗೆ ಫಾಸ್ಟ್ ಟ್ರೇನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಬೆಟ್ಟದ ರಸ್ತೆಯಲ್ಲಿ ಇನ್ನೊಂದು ಎರಡು ಗಂಟೆ. ಟ್ರೇನ್ ಇಳಿಯುವಾಗಲೇ ಮಳೆ ಶುರುವಾಗಿತ್ತು.

ಮೊದಲ ತಪ್ಪು ನನ್ನದೇ. ವ್ಯಾನ್ ಡ್ರೈವರ್‌ಗೆ ಬರೀ 'ಲಾಂಗ್‌ಜಿ' ಅಂದೆ. ಲಾಂಗ್‌ಜಿ ಅಂದರೆ ಒಂದು ಊರಲ್ಲ, ಇಡೀ ಗುಡ್ಡದ ಸಾಲು. ಝುವಾಂಗ್ ಜನರ ಪಿಂಗ್‌ಆನ್ ಒಂದು ಕಡೆ, ಕೆಂಪು ಯಾವ್ ಜನರ ಡಾಜಾಯ್ ಇನ್ನೊಂದು ಕಡೆ. ಪ್ರವೇಶದ ಟಿಕೆಟ್ ಎರಡಕ್ಕೂ ಒಂದೇ, ಆದರೆ ಒಂದರಿಂದ ಇನ್ನೊಂದಕ್ಕೆ ಗುಡ್ಡದ ಮೇಲೆ ನಡೆದರೆ ನಾಲ್ಕೈದು ಗಂಟೆ ಬೇಕು. ನಮ್ಮ ರೂಮು ಇದ್ದದ್ದು ಡಾಜಾಯ್ ಮೇಲಿನ ತಿಯೆನ್‌ತೋಜಾಯ್‌ನಲ್ಲಿ. ಅವನು ಇಳಿಸಿದ್ದು ಪಿಂಗ್‌ಆನ್‌ನಲ್ಲಿ. ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತು ಇನ್ನೊಂದು ವ್ಯಾನ್ ಹಿಡಿದೆವು. ದಾರಿಯಲ್ಲಿ ಧರೆ ಜರಿದು ಮಣ್ಣು ಬಿದ್ದಿತ್ತು, ಅದನ್ನು ಎತ್ತುವವರೆಗೆ ಅಲ್ಲೇ ಕೂತೆವು. ನೀವು ಹೋಗುವುದಾದರೆ ಹಳ್ಳಿಯ ಹೆಸರನ್ನು ಚೀನೀ ಅಕ್ಷರದಲ್ಲಿ ಒಂದು ಚೀಟಿ ಮೇಲೆ ಬರೆಸಿಕೊಳ್ಳಿ. ಚೀಟಿ ಮೇಲೇ ಬರೆಸಿ, ಫೋನಲ್ಲಿ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡಾಜಾಯ್‌ನಿಂದ ನಮ್ಮ ರೂಮಿನವರೆಗೆ ಗಾಡಿ ಹೋಗುವುದಿಲ್ಲ, ಬರೀ ಕಲ್ಲಿನ ಮೆಟ್ಟಿಲು. ನಾನೋ ನಾಲ್ಕು ಚಕ್ರದ ಸೂಟ್‌ಕೇಸ್ ತಂದಿದ್ದೆ. ಊರ ಬಾಗಿಲಲ್ಲೇ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು ನಿಂತಿರುತ್ತಾರೆ, ಎಂಥ ಸೂಟ್‌ಕೇಸ್ ಆದರೂ ಹೊತ್ತುಬಿಡುತ್ತಾರೆ. ಅರವತ್ತು ದಾಟಿದ ಒಬ್ಬ ಅಜ್ಜಿ ಬಂದು ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಿ ತೋರಿಸಿದರು. ಫೋನ್ ಮಾಡುವ ಸನ್ನೆ! ನಂಬರ್ ಕೇಳುತ್ತಿದ್ದಾರೆ ಅಂದುಕೊಂಡು ನಾನು ಫೋನ್ ತೆಗೆದು ಕೊಟ್ಟೆ. ಅವರು ತಲೆ ಅಲ್ಲಾಡಿಸಿ ಮತ್ತೆ ಅದೇ ಸನ್ನೆ ಮಾಡಿದರು. ಚೀನಾದಲ್ಲಿ ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುತ್ತಾರೆ, ಅದು ಆರು. ಅಂದರೆ ಅರವತ್ತು ಯುವಾನ್. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಅವರು ಇಪ್ಪತ್ತು ಕೆಜಿ ಹೊತ್ತು ಮುಂದೆ ಹೋದರು, ನಾನು ಖಾಲಿ ಕೈಯಲ್ಲಿ ಏದುಸಿರು ಬಿಡುತ್ತಾ ಹಿಂದೆ.

ದೊಡ್ಡ ಎಡವಟ್ಟು ಆದದ್ದು ಆವತ್ತೇ ಸಂಜೆ. ಮಳೆ ಐದು ನಿಮಿಷ ನಿಂತಿತ್ತು. ಬದುವಿನ ಮೇಲೆ ಇಷ್ಟು ವರ್ಷ ನಡೆದ ಕಾಲು ಇದು, ಏನಾಗುತ್ತೆ ಅಂತ ಫೋಟೋ ತೆಗೆಯಲು ಬದುವಿಗೆ ಇಳಿದೆ. ಜಾರಿದೆ. ನಾನು ಮೊಣಕಾಲವರೆಗೆ ಕೆಸರಲ್ಲಿ, ಫೋನ್ ಅದಕ್ಕೂ ಕೆಳಗೆ. ತಡಕಾಡಿ ತೆಗೆಯುವಷ್ಟರಲ್ಲಿ ಅದು ಸತ್ತಿತ್ತು.

ಚೀನಾದಲ್ಲಿ ಫೋನ್ ಹೋದರೆ ಏನೇನು ಹೋಗುತ್ತೆ ಅಂತ ಆವತ್ತು ಗೊತ್ತಾಯಿತು. ದುಡ್ಡು ಕೊಡುವುದು ಅಲಿಪೇಯಲ್ಲಿ, ಮಾತಾಡುವುದು ಅನುವಾದದ ಆ್ಯಪಲ್ಲಿ, ದಾರಿ ಅದರಲ್ಲೇ, ಅಲ್ಲಿ ತಡೆದಿರುವ ಸೈಟು ತೆರೆಯುವ ವಿಪಿಎನ್ ಕೂಡ ಅದರಲ್ಲೇ. ನಾನೇ ಎಲ್ಲದಕ್ಕೂ ಕೊಡುತ್ತಿದ್ದೆನಲ್ಲ, ಜೊತೆಗಿದ್ದವನು ತನ್ನ ಫೋನಿಗೆ ಕಾರ್ಡ್ ಜೋಡಿಸುವ ಗೋಜಿಗೇ ಹೋಗಿರಲಿಲ್ಲ. ಇಬ್ಬರ ಜೇಬು ಹುಡುಕಿದರೆ ನಾನೂರ ಚಿಲ್ಲರೆ ಯುವಾನ್ ನೋಟು. ಪುಣ್ಯಕ್ಕೆ ರೂಮಿನ ಬಾಡಿಗೆ ಮೊದಲೇ ಕಟ್ಟಿದ್ದೆ. ಟ್ರೇನಿಗೂ ತೊಂದರೆ ಇರಲಿಲ್ಲ, ಅಲ್ಲಿ ಟಿಕೆಟ್ ಪಾಸ್‌ಪೋರ್ಟ್ ನಂಬರಿಗೇ ಸೇರಿರುತ್ತೆ, ಪಾಸ್‌ಪೋರ್ಟ್ ತೋರಿಸಿದರೆ ಆಯ್ತು. ಅದು ಪ್ಲಾಸ್ಟಿಕ್ ಕವರಲ್ಲಿ ಒಣಗಿತ್ತು. ಆ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು.

ಮನೆಯೊಡತಿ ಫೋನ್ ಇಸಿದುಕೊಂಡು ಅಕ್ಕಿ ಡಬ್ಬದಲ್ಲಿ ಹೂತುಬಿಟ್ಟರು. ಆ ಉಪಾಯದ ಮೇಲೆ ನನಗೆ ನಂಬಿಕೆ ಇಲ್ಲ, ಆದರೆ ಅಕ್ಕಿ ಬೆಳೆಯುವವರ ಮನೆಯಲ್ಲೇ ಕೂತು ಬೇಡ ಅನ್ನುವುದು ಹೇಗೆ? ಆ ಮನೆ ಪೂರ್ತಿ ಮರದ್ದು, ಪಕ್ಕದ ರೂಮಲ್ಲಿ ಕೆಮ್ಮಿದರೆ ನಮ್ಮ ಮಂಚ ಅಲ್ಲಾಡುತ್ತೆ, ಒದ್ದೆ ಬಟ್ಟೆ ಎರಡು ದಿನವಾದರೂ ಒಣಗಲಿಲ್ಲ. ಊಟಕ್ಕೆ 'ವೊ ಚ್ರ್ ಸು', ಅಂದರೆ ನಾನು ಸಸ್ಯಾಹಾರಿ ಅಂತ ಕಲಿತು ಹೋಗಿದ್ದೆ. ಸೊಪ್ಪಿನ ಪಲ್ಯ ಬಂತು, ಹಂದಿ ಕೊಬ್ಬಿನ ವಾಸನೆ ಹೊಡೆಯುತ್ತಿತ್ತು. ಕೊನೆಗೆ ಬಿಳಿ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡು ತಿಂದೆವು. ಆ ಹುಡುಗನ ಬ್ಯಾಗ್ ನೋಡಿ ನಕ್ಕಿದ್ದಕ್ಕೆ ಮನಸ್ಸಲ್ಲೇ ಕ್ಷಮೆ ಕೇಳಿದೆ.

ಮರುದಿನ ಬೆಳಗ್ಗೆ ಮೇಲಿನ ವ್ಯೂ ಪಾಯಿಂಟಿಗೆ ಹೋದೆವು. ಕಂಡದ್ದು ಬರೀ ಬಿಳಿ. ಮಂಜು ಎಷ್ಟಿತ್ತು ಅಂದರೆ ಎದುರಿನ ಕಂಬಿಯೂ ಕಾಣುತ್ತಿರಲಿಲ್ಲ. 'ಅಣ್ಣಾ, ನಿಮ್ಮೂರಲ್ಲೇ ಸಿಗೋ ಮಳೆ ನೋಡೋಕೆ ಇಷ್ಟು ದೂರ ಬಂದ್ವಾ?' ಅಂದ.

ವಾಪಸ್ ಬಂದಾಗ ಮನೆಯ ಯಜಮಾನ ಸಲಿಕೆ ಹಿಡಿದು ಹೊರಟಿದ್ದರು. ಮಾಡಲು ಬೇರೆ ಕೆಲಸವಿಲ್ಲ, ಫೋನೂ ಇಲ್ಲ, ಸುಮ್ನೆ ಹಿಂದೆ ಹೋದೆ. ಗುಡ್ಡದ ನೆತ್ತಿಯ ಕಾಡನ್ನು ಅವರು ಕಡಿದಿಲ್ಲ, ನೀರೆಲ್ಲಾ ಅಲ್ಲಿಂದಲೇ ಬರಬೇಕು. ಸಣ್ಣ ಕಾಲುವೆಯಲ್ಲಿ, ಕೆಲವು ಕಡೆ ಸೀಳಿದ ಬಿದಿರಲ್ಲಿ, ಮೊದಲ ಗದ್ದೆಗೆ ಬೀಳುತ್ತೆ. ಅದು ತುಂಬಿ ಬದುವಿನ ಬಾಯಿಂದ ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಪಂಪಿಲ್ಲ, ಮೋಟರಿಲ್ಲ. ಜೋರು ಮಳೆ ಬಂದಾಗ ಆ ಬಾಯನ್ನು ಅಗಲ ಮಾಡಬೇಕು, ಇಲ್ಲದಿದ್ದರೆ ಒಂದು ಬದು ಒಡೆದರೆ ಕೆಳಗಿನವೂ ಸಾಲಾಗಿ ಒಡೆದುಕೊಂಡು ಹೋಗುತ್ತವೆ. ಯುವಾನ್ ರಾಜರ ಕಾಲದಲ್ಲಿ, ಅಂದರೆ ಸುಮಾರು 700 ವರ್ಷದ ಹಿಂದೆ, ಶುರುವಾದ ಗದ್ದೆಗಳಂತೆ ಇವು. ನಾನೂ ಒಂದು ಸಲಿಕೆ ಇಸಿದುಕೊಂಡು ಇಳಿದೆ. ಎರಡು ಗಂಟೆ ಇಬ್ಬರೂ ಒಂದು ಮಾತೂ ಆಡಲಿಲ್ಲ, ಬೇಕಾಗಲೂ ಇಲ್ಲ. ಅಪ್ಪನ ಜೊತೆಯೂ ಹೀಗೇ ಇರುತ್ತಿತ್ತು.

ಗದ್ದೆಗಳು ಎಷ್ಟು ಚಿಕ್ಕವು ಅನ್ನುವುದಕ್ಕೆ ಅಲ್ಲೊಂದು ಕತೆ ಇದೆ. ರೈತನೊಬ್ಬ ಸಂಜೆ ಗದ್ದೆ ಎಣಿಸಿದರೆ ಒಂದು ಕಡಿಮೆ ಬಂತಂತೆ. ಹುಡುಕಿ ಸಾಕಾಗಿ, ಮನೆಗೆ ಹೋಗೋಣ ಅಂತ ಹುಲ್ಲಿನ ಮಳೆಗವಸು ಎತ್ತಿದರೆ ಅದರ ಅಡಿಯಲ್ಲೇ ಇತ್ತಂತೆ ಆ ಗದ್ದೆ. ನಮ್ಮಜ್ಜನ ಗೊರಬು ಮುಚ್ಚುವಂಥ ಗದ್ದೆಯನ್ನು ನಾನು ಅಲ್ಲಿ ನಿಜಕ್ಕೂ ನೋಡಿದೆ, ಹನ್ನೆರಡು ಹದಿಮೂರು ಸಸಿ ಹಿಡಿದರೆ ಹೆಚ್ಚು.

ಮನೆಯೊಡತಿ ಉದ್ದ ಕೂದಲನ್ನು ತಲೆ ಸುತ್ತ ಸುತ್ತಿ ಹಣೆಯ ಮೇಲೆ ಸಣ್ಣ ಗಂಟು ಹಾಕಿದ್ದರು. ಮದುವೆಯಾಗಿ ಮಕ್ಕಳಾದವರು ಹಾಗೆ ಕಟ್ಟುತ್ತಾರಂತೆ. ತಲೆ ತೊಳೆಯುವುದು ಹುಳಿ ಬರಿಸಿದ ಅಕ್ಕಚ್ಚಿನಲ್ಲಿ. ನಮ್ಮಲ್ಲಿ ಅದು ದನಕ್ಕೆ ಹೋಗುತ್ತೆ, ಬೋಳಾಗುತ್ತಿರುವ ನನ್ನ ತಲೆ ಮುಟ್ಟಿಕೊಂಡು ಸುಮ್ಮನಾದೆ.

ಮೂರನೇ ದಿನ ಇಳಿಯುವಾಗಲೂ ಮಳೆ. ಅದೇ ಅಜ್ಜಿ ಬುಟ್ಟಿ ಸಮೇತ ಮನೆ ಬಾಗಿಲಲ್ಲಿದ್ದರು. ನಾನು ಧೈರ್ಯವಾಗಿ ಹೆಬ್ಬೆರಳು, ಕಿರುಬೆರಳು ತೋರಿಸಿದೆ. ಅವರು ಆಕಾಶ ತೋರಿಸಿದರು, ಆಮೇಲೆ ಮೆಟ್ಟಿಲು ಎಷ್ಟು ಜಾರುತ್ತಿದೆ ಅಂತ ತೋರಿಸಿದರು. ಕೊನೆಗೆ ಮೂರು ಬೆರಳ ತುದಿ ಜೋಡಿಸಿ, ತುತ್ತು ಹಿಡಿಯುವ ಹಾಗೆ, ಕೈ ಮುಂದೆ ಚಾಚಿದರು.

'ಅಣ್ಣಾ, ಊಟ ಆಯ್ತಾ ಅಂತ ಕೇಳ್ತಿದಾರೆ, ಎಷ್ಟು ಒಳ್ಳೇವ್ರು ನೋಡಿ' ಅಂದ ದಾವಣಗೆರೆಯವನು.

'ಇಲ್ಲ ಮಾರಾಯ, ಅದು ಏಳು. ಎಪ್ಪತ್ತು ತೆಗಿ.'